ಗಂಡನ ಹೆಸರು ಹೇಳದೆ ಔಷಧಿ ಇಲ್ಲ

ಕಮಲಾಪುರದ ಬಂಡೆಮ್ಮನ ಬಾಯಿ ಯಾವತ್ತೂ ಸುಮ್ಮನಿದ್ದದ್ದಿಲ್ಲ. ಕೂಸಾಗಿದ್ದಾಗ ಅತ್ತು ಕೇರಿಯನ್ನೆಲ್ಲ ಎಬ್ಬಿಸಿದಳು, ಬೆಳೆದ ಮೇಲೆ ನಕ್ಕು ಎಬ್ಬಿಸಿದಳು, ನರ್ಸ್ ಆದ ಮೇಲೆ ಪ್ರಶ್ನೆ ಕೇಳಿ ಕೇಳಿ ಎಲ್ಲರ ತಲೆ ತಿಂದಳು. ಮುಂದೆ ತನ್ನೂರಿನ ದವಾಖಾನೆಗೇ ಬಂದು ಕೂತಾಗ, ದಿನಾ ಎದುರಿಗೆ ಕಾಣುವ ಗೌಡರನ್ನೂ "ನಿಮ್ಮ ಹೆಸರೇನ್ರಿ? ತಂದಿ ಹೆಸರು?" ಎಂದು ಕೇಳಿಯೇ ಸೂಜಿ ಹಿಡಿಯುತ್ತಿದ್ದಳು. "ಹುಟ್ಟಿದಾಗಿಂದ ನನ್ನ ನೋಡೀಯಲ್ಲ ಯವ್ವಾ" ಎಂದು ಗೌಡರು ಸಿಡುಕಿದರೆ, "ನಾ ನೋಡೀನಿ, ಸೂಜಿ ಎಲ್ಲಿ ನೋಡೇತ್ರಿ?" ಎನ್ನುತ್ತಿದ್ದಳು. ಈ ಹಟ ಅವಳಿಗೆ ಅಂಟಿದ್ದು ಕಲಬುರ್ಗಿಯಲ್ಲಿ, ನರ್ಸಿಂಗ್ ಕಲಿಯಲು ಹೋದ ಮೊದಲ ವರ್ಷ.

ಹೈದರಾಬಾದಿನ ಪೊಲೀಸ್ ಆ್ಯಕ್ಷನ್ ಆಗಿ ಎರಡು ಮೂರು ವರ್ಷವಾಗಿತ್ತು. ರಜಾಕಾರರ ಗಲಾಟೆಗೆ ಊರು ಬಿಟ್ಟವರು ತಿರುಗಿ ಬಂದು ಮನೆಗೆ ಸುಣ್ಣ ಹಚ್ಚಿಕೊಂಡಿದ್ದರು. ಬಂಡೆಮ್ಮನ ಅಪ್ಪ ಮಾಪಣ್ಣ ಬಾಳೆ ತೋಟಗಳಲ್ಲಿ ಕೂಲಿ ಮಾಡುವವನು. ಮಗಳು ಸರಕಾರಿ ಉರ್ದು ಶಾಲೆಯಲ್ಲಿ ಓದಿದ್ದಳು. ಓದಿದ್ದಳು ಎಂದರೆ, ಬಾಗಿಲಿನಾಚೆ ಕಟ್ಟೆಯ ಮೇಲೆ ಕೂತು, ಒಳಗಿನ ಪಾಠಕ್ಕೆ ಕಿವಿ ಕೊಟ್ಟು, ಒಳಗೆ ಕೂತವರಿಗಿಂತ ಗಟ್ಟಿಯಾಗಿ ಉತ್ತರ ಕೂಗಿ ಏಳು ಇಯತ್ತೆ ದಾಟಿದ್ದಳು. ಕಲಬುರ್ಗಿ ಶಹಾಬಜಾರದ ಹೆಣ್ಣುಮಕ್ಕಳ ದವಾಖಾನೆಯಲ್ಲಿ ನರ್ಸ್ ತರಬೇತಿಗೆ ಹುಡುಗಿಯರು ಬೇಕಂತೆ ಎಂಬ ಸುದ್ದಿ ಬಂದಾಗ ಅವ್ವ ಗುಂಡಮ್ಮ ಬಿಲ್‌ಕುಲ್ ಬೇಡವೆಂದಳು.

"ಮಂದಿ ಹೊಲಸು ಬಳಿಯಾಕ ಅಷ್ಟು ದೂರ ಹೋಗಬೇಕೇನು?"

"ಇಲ್ಲಿದ್ರ ಬಳಿಯೂದು ತಪ್ಪೇತೇನು? ಅಲ್ಲಿ ಕೈ ತೊಳಿಯಾಕ ಸಾಬಾಣರ ಕೊಡತಾರ" ಎಂದ ಮಾಪಣ್ಣ. ಮರುದಿನವೇ ಮಗಳನ್ನೂ ಒಂದು ಗೊನೆ ಕೆಂಪು ಬಾಳೆಹಣ್ಣನ್ನೂ ಮೋಟಾರಿಗೆ ಹತ್ತಿಸಿದ.

ಆ ಬಾಳೆಹಣ್ಣು ಒಳ್ಳೆಯ ಕೆಲಸಕ್ಕೇ ಬಂತು. ತರಬೇತಿಯ ಹಿರಿಯ ನರ್ಸ್ ಮೆಹರುನ್ನಿಸಾ, ಹೈದರಾಬಾದಿನಲ್ಲಿ ಕಲಿತು ಬಂದ ಎತ್ತರದ ಹೆಂಗಸು, ಹುಡುಗಿಯರಿಗೆ ಇಂಜೆಕ್ಷನ್ ಕಲಿಸಲು ಅದನ್ನೇ ಇಸಿದುಕೊಂಡಳು. ಒಬ್ಬೊಬ್ಬರ ಮುಂದೆ ಒಂದೊಂದು ಹಣ್ಣು, ಕೈಯಲ್ಲಿ ಗಾಜಿನ ಪಿಚಕಾರಿ. ಸೂಜಿ ಸೊಟ್ಟಗೆ ಹೋದರೆ ಸಿಪ್ಪೆ ಸೀಳುತ್ತಿತ್ತು, ಸೀಳಿದ ಹಣ್ಣು ತಕ್ಷಣ ಬಂಡೆಮ್ಮನ ಬಾಯಿಗೆ ಹೋಗುತ್ತಿತ್ತು. "ಸೂಜಿ ಬಾಳಿಹಣ್ಣಿಗೆ ಹಾಕಬೇಕು ಬೇಟಿ, ಬಾಳಿಹಣ್ಣು ಹೊಟ್ಟಿಗಲ್ಲ!" ಎಂದು ಸಿಸ್ಟರ್‌ಬಾಯಿ ಗದರುತ್ತಿದ್ದಳು. ಹುಡುಗಿಯರು ಅವಳನ್ನು ಕರೆಯುತ್ತಿದ್ದುದು ಹಾಗೇ, ಸಿಸ್ಟರ್‌ಬಾಯಿ ಎಂದು. ಅವಳಿಗೆ ಎಲ್ಲರೂ ಹೆದರುತ್ತಿದ್ದರು, ಬಂಡೆಮ್ಮ ಸ್ವಲ್ಪ ಕಡಿಮೆ.

ಸಿಸ್ಟರ್‌ಬಾಯಿ ಮೊದಲ ದಿನದಿಂದ ತಲೆಗೆ ಹೊಡೆದು ಕೂಡಿಸಿದ ನಿಯಮ ಒಂದಿತ್ತು. ಔಷಧಿ ಕೊಡುವ ಮೊದಲು ರೋಗಿಯ ಹೆಸರು ಕೇಳಬೇಕು, ಗಂಡನ ಹೆಸರು ಕೇಳಬೇಕು, ಎರಡೂ ಹೆಸರು ಮಂಚಕ್ಕೆ ತೂಗುಹಾಕಿದ ಚೀಟಿಗೆ ಹೊಂದಬೇಕು. "ಹೆಸರು ನಾವು ಹೇಳಬಾರದು. ರೋಗಿ ಬಾಯಿಂದಾನೇ ಬರಬೇಕು. ನಾವು ಹೇಳಿದ್ರ ಅವರು ಹೂಂ ಅಂತಾರ, ಜ್ವರದಾಗ ಇದ್ದವರು ಎಲ್ಲಾದಕ್ಕೂ ಹೂಂ ಅಂತಾರ."

ಹೇಳಲು ಸುಲಭ. ಆದರೆ ನಮ್ಮ ಕಡೆಯ ಯಾವ ಗರತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಾಳೆ? "ನಮ್ಮ ಮನಿಯವರು" ಎನ್ನುತ್ತಾರೆ, "ನಮ್ಮ ಹುಡುಗನ ಅಪ್ಪ" ಎನ್ನುತ್ತಾರೆ, ಬಹಳ ಒತ್ತಾಯ ಮಾಡಿದರೆ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ಹೊರಳುತ್ತಾರೆ. ಬಂಡೆಮ್ಮನ ಜೊತೆಗೆ ಕಲಿಯುತ್ತಿದ್ದ ವಿಮಲಾಬಾಯಿ ಇದಕ್ಕೊಂದು ಸಲೀಸಾದ ದಾರಿ ಹಿಡಿದಿದ್ದಳು. ಚೀಟಿ ನೋಡಿ, "ನೀವು ಇಂಥವರ ಹೆಂಡ್ತಿ ಹೌದಲ್ರಿ?" ಎಂದು ತಾನೇ ಕೇಳುವುದು. ಅವರು ನಾಚಿಕೊಂಡು ತಲೆ ಅಲ್ಲಾಡಿಸುವುದು. ಅವಳ ಸಾಲು ಚಕಚಕ ಮುಗಿಯುತ್ತಿತ್ತು.

ಬಂಡೆಮ್ಮನಿಗೆ ಅದು ಸರಿಬರಲಿಲ್ಲ. ಅವಳು ಒಡಪು ಕೇಳತೊಡಗಿದಳು. ಮದುವೆಮನೆಯಲ್ಲಿ ಹೊಸ ಮದುಮಗಳನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳಿಸುವುದಿಲ್ಲವೇ, ಆ ಒಡಪು. ಹಾಗೆ ಹೇಳಿದರೆ ಮರ್ಯಾದೆಯೂ ಉಳಿಯಿತು, ಹೆಸರೂ ಹೊರಬಂತು. ಶಹಾಬಜಾರದ ಮುದುಕಿ ತುಳಜಾಬಾಯಿ, ಹಲ್ಲು ಹೋದ ಬಾಯಲ್ಲೇ ಶುರು ಹಚ್ಚಿದಳು:

"ಶಹಾಬಜಾರದ ಓಣ್ಯಾಗ ಹಾಕ್ಯಾರ ಹಂದರ,
ನಮ್ಮ ದೌಲಪ್ಪನೋರ ಮೀಸಿ ನೋಡಾಕ ಬಲು ಸುಂದರ!"

ವಾರ್ಡು ಬಿದ್ದು ಬಿದ್ದು ನಕ್ಕಿತು. ಇದೇ ತುಳಜಾಬಾಯಿ ಮೊದಲ ದಿನ "ನೀ ಯಾರ ಪೈಕಿ ತಂಗಿ?" ಎಂದು ಬಂಡೆಮ್ಮನ ಕೈಯ ನೀರು ಮುಟ್ಟದೆ ಕೂತವಳು. "ದವಾಖಾನಿ ಪೈಕಿ ರೀ" ಎಂದಿದ್ದಳು ಬಂಡೆಮ್ಮ. ಈಗ ಮುದುಕಿ ದಿನಕ್ಕೊಂದು ಹೊಸ ಒಡಪು ಹೊಂದಿಸಿ ಅವಳಿಗಾಗಿ ಕಾದಿರುತ್ತಿದ್ದಳು.

ಆದರೆ ಒಡಪಿಗೆ ಹೊತ್ತು ಬೇಕು. ಒಬ್ಬಳಿಗೆ ನೆನಪಾಗುವುದಿಲ್ಲ, ಇನ್ನೊಬ್ಬಳು ತಪ್ಪು ಹೇಳಿ ಮತ್ತೆ ಮೊದಲಿನಿಂದ ಹಿಡಿಯುತ್ತಾಳೆ, ಮೂರನೆಯವಳು ಎರಡು ಹೇಳುತ್ತೇನೆ ಎನ್ನುತ್ತಾಳೆ. ದೊಡ್ಡ ಡಾಕ್ಟರು ರೌಂಡಿಗೆ ಬಂದರೂ ಬಂಡೆಮ್ಮನ ಸಾಲು ಅರ್ಧದಲ್ಲೇ ಇರುತ್ತಿತ್ತು. ಇದು ದವಾಖಾನೆಯೋ ಮದುವೆಮನೆಯೋ ಎಂದು ಅವರು ರೇಗಿದರು. ಸಿಸ್ಟರ್‌ಬಾಯಿಗೆ ಕನ್ನಡ ಬರುತ್ತಿತ್ತು, ಒಡಪಿನ ವಿಷಯ ಗೊತ್ತಿರಲಿಲ್ಲ. ಹುಡುಗಿ ಹಾಡು ಹೇಳಿಸುತ್ತ ಮಜಾ ಮಾಡುತ್ತಿದ್ದಾಳೆಂದೇ ಅವಳು ತಿಳಿದಳು.

"ಹೆಸರು ಕೇಳಾಕತ್ತೀನ್ರಿ ಸಿಸ್ಟರ್‌ಬಾಯಿ."

"ಬಹಾನಾ, ನೆಪ, ಏನೂ ಬ್ಯಾಡ. ನಾಳಿ ಡಾಕ್ಟರ್ ರೌಂಡಿನ ಗಂಟಿ ಹೊಡಿಯೂದರಾಗ ನಿನ್ನ ಸಾಲು ಮುಗೀಬೇಕು. ಮುಗೀಲಿಲ್ಲಂದ್ರ ಕಮಲಾಪುರದ ಮೋಟಾರ್ ಹತ್ತು. ನಾನೇ ಬಂದು ನೋಡ್ತೀನಿ."

ಆ ಸಂಜೆ ಬಂಡೆಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಮನಸಾರೆ ಅತ್ತಳು. ತಿರುಗಿ ಹೋದರೆ ಬಾಳೆ ತೋಟ, ಸಗಣಿಯ ಬುಟ್ಟಿ, ಅವ್ವನ "ನಾ ಮೊದಲೇ ಹೇಳಿದ್ದಿಲ್ಲೇನು". ಬಿಳಿ ಸೀರೆ ಉಟ್ಟು ಬಾಗಿಲಿನೊಳಗೆ ಬಂದವಳಿಗೆ ಮತ್ತೆ ಬಾಗಿಲಿನಾಚೆ ಹೋಗಿ ಕೂಡುವ ಮನಸ್ಸಿರಲಿಲ್ಲ.

ಮರುದಿನ ಬೆಳಿಗ್ಗೆ ಔಷಧಿಯ ತಟ್ಟೆ ಹಿಡಿದು ಹೊರಟಳು, ಬೆನ್ನ ಹಿಂದೆ ಸಿಸ್ಟರ್‌ಬಾಯಿ. ವಾರ್ಡಿನ ಹೆಂಗಸರಿಗೆ ಸುದ್ದಿ ಮುಟ್ಟಿತ್ತು, ಪಾಪ, ಎಲ್ಲರೂ ಒಡಪನ್ನು ನಾಲಗೆಯ ತುದಿಯಲ್ಲೇ ಇಟ್ಟುಕೊಂಡಿದ್ದರು. ತುಳಜಾಬಾಯಿಯಂತೂ ಬಂಡೆಮ್ಮ ಕೇಳುವ ಮೊದಲೇ ಮೀಸೆಯ ಸುದ್ದಿ ಮುಗಿಸಿ ಬಾಯಿ ತೆರೆದಳು. ಉಳಿದದ್ದು ಕೊನೆಗೆ ಎರಡೇ ಮಂಚ, ಎದುರುಬದುರು. ಎರಡರಲ್ಲೂ ಶಿವಕಾಂತಮ್ಮ. ಒಬ್ಬಳು ಮಲ್ಲಣ್ಣ ಎಂಬುವನ ಹೆಂಡತಿ, ಹೊಸ ಬಾಣಂತಿ. ಕೂಸನ್ನು ಅಜ್ಜಿ ಬಿಸಿಲಿಗೆ ಒಯ್ದಿದ್ದಳು. ರಕ್ತ ನಿಲ್ಲದ್ದರಿಂದ ಗರ್ಭಕೋಶ ಬಿಗಿಯಲೆಂದು ಅವಳಿಗೊಂದು ಕಹಿ ಔಷಧಿ ಇತ್ತು. ಇನ್ನೊಬ್ಬಳು ಕುಸನೂರಿನವಳು, ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಮೊದಲ ಬಸಿರು, ಹೊಟ್ಟೆ ಇನ್ನೂ ಕಾಣುವಷ್ಟು ಬಂದಿರಲಿಲ್ಲ. ರಕ್ತ ಕಡಿಮೆಯೆಂದು ಮಲಗಿಸಿದ್ದರು. ಇಬ್ಬರೂ ಹಿಂದಿನ ದಿನವಷ್ಟೇ ಬಂದವರು, ಬಂಡೆಮ್ಮನಿಗೆ ಮುಖದ ಗುರುತು ಆಗಿರಲಿಲ್ಲ.

ಬಂಡೆಮ್ಮ ಕಿಟಕಿಯ ಪಕ್ಕದ ಮಂಚಕ್ಕೆ ಹೋಗಿ ಚೀಟಿ ನೋಡಿದಳು. ಶಿವಕಾಂತಮ್ಮ, ಗಂಡ ಮಲ್ಲಣ್ಣ. ಕಹಿ ಔಷಧಿಯ ಗ್ಲಾಸು ತೆಗೆದುಕೊಂಡಳು.

"ನಿಮ್ಮ ಹೆಸರೇನ್ರಿ?"

"ಶಿವಕಾಂತಮ್ಮ" ಎಂದಿತು ಚಾದರದೊಳಗಿನ ದನಿ.

"ಗಂಡನ ಹೆಸರು? ಒಡಪು ಹೇಳ್ರಿ ಅಕ್ಕಾ."

ಅವಳು ಚಾದರ ಸರಿಸಿ ಬಿಳಿ ಸೀರೆಯ ಎತ್ತರದ ಸಿಸ್ಟರ್‌ಬಾಯಿಯನ್ನು ನೋಡಿದ್ದೇ ತಡ, ಮತ್ತೆ ಮುಸುಕು ಹಾಕಿಕೊಂಡಳು. ಅಷ್ಟರಲ್ಲಿ ಹೊರಗೆ ಡಾಕ್ಟರ ಗಂಟೆ ಹೊಡೆಯಿತು.

"ಕೊಟ್ಟು ಮುಂದ ನಡಿ" ಎಂದಳು ಸಿಸ್ಟರ್‌ಬಾಯಿ.

ಗ್ಲಾಸು ಹಿಡಿದ ಬಂಡೆಮ್ಮನ ಕೈ ಮುಂದೆ ಹೋಗಲಿಲ್ಲ. "ನನ್ನ ಮೋಟಾರ್ ಹತ್ತಸ್ರಿ ಸಿಸ್ಟರ್‌ಬಾಯಿ, ಹೋಗ್ತೀನಿ. ಆದ್ರ ಇವರು ಗಂಡನ ಹೆಸರು ಹೇಳೂತನಕ ಇದನ್ನ ಕೊಡಂಗಿಲ್ಲ. ನೀವೇ ಕಲಿಸೀರಿ" ಎಂದಳು. ಆಮೇಲೆ ಮುಸುಕಿನ ಕಡೆ ಬಗ್ಗಿ, "ನಾಚಬ್ಯಾಡ್ರಿ ಅಕ್ಕಾ, ಮೊದಲು ನನ್ನದು ಕೇಳ್ರಿ" ಎಂದು ತಾನೇ ಶುರು ಮಾಡಿದಳು:

"ಕಮಲಾಪುರದ ತೋಟದಾಗ ಕೆಂಪು ಬಾಳಿ ಗೊನಿ,
ನನ್ನ ಗಂಡನ ಹೆಸರು ಕೇಳಬ್ಯಾಡ್ರಿ, ಇನ್ನಾ ಸಿಕ್ಕಿಲ್ಲ ಅವನ ಮನಿ!"

ಮುಸುಕು ಕುಲುಕುಲು ನಕ್ಕಿತು. ನಕ್ಕ ಮೇಲೆ ನಾಚಿಕೆಗೆ ಜಾಗವೆಲ್ಲಿ? ಒಳಗಿನಿಂದ ಸಣ್ಣ ದನಿ ಬಂತು:

"ಜೋಳದ ಹೊಲದಾಗ ಇಳಿದಾವ ಗಿಳಿ ಹಿಂಡು ಹಿಂಡು,
ಖಂಡೆಪ್ಪನೋರು ಓಡಸ್ತಾರ ಕೈಯಾಗ ಕವಣಿ ಹಿಡಕೊಂಡು."

ಬಂಡೆಮ್ಮ ಚೀಟಿ ನೋಡಿದಳು. ಸಿಸ್ಟರ್‌ಬಾಯಿಯೂ ನೋಡಿದಳು. ಮಲ್ಲಣ್ಣ ಎಂದಿತ್ತು.

ಎದುರಿನ ಮಂಚದಿಂದ ಬಾಣಂತಿ ಎದ್ದು ಕೂತಳು. "ನಾವಿಬ್ರೂ ಜಾಗ ಬದಲು ಮಾಡೇವ್ರಿ. ಕಿಟಕಿ ಗಾಳಿ ಬಾಣಂತಿಗೆ ಆಗಂಗಿಲ್ಲಂತ ನಮ್ಮವ್ವ ಹೇಳಿದ್ಳು. ಈ ಅಕ್ಕ ಪಾಪ, ನೀನೂ ಶಿವಕಾಂತಿ ನಾನೂ ಶಿವಕಾಂತಿ, ಬಾ ತಂಗಿ ಅಂದ್ಳು."

ಸಿಸ್ಟರ್‌ಬಾಯಿ ಬಂಡೆಮ್ಮನ ಕೈಯಿಂದ ಗ್ಲಾಸು ತೆಗೆದುಕೊಂಡು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಆ ಔಷಧಿ ಬಸುರಿಯ ಹೊಟ್ಟೆಗೆ ಹೋಗಿದ್ದರೆ ಬಸಿರು ಉಳಿಯುವಂಥದ್ದಲ್ಲ. ಡಾಕ್ಟರು ಬಾಗಿಲಿಗೆ ಬಂದು, ಇವತ್ತೂ ಸಾಲು ಮುಗಿದಿಲ್ಲವೇ ಎಂದರು.

"ಮುಗಿದಿಲ್ರಿ ಡಾಕ್ಟರ್ ಸಾಬ್. ನಾಳಿಂದ ಎಲ್ಲಾ ಹುಡುಗಿಯರದೂ ಮುಗಿಯಂಗಿಲ್ಲ. ನಿಮ್ಮ ಗಂಟಿ ಸ್ವಲ್ಪ ಲೇಟ್ ಮಾಡ್ರಿ" ಎಂದಳು ಸಿಸ್ಟರ್‌ಬಾಯಿ. ಆಮೇಲೆ ಬಂಡೆಮ್ಮನ ಕಡೆ ತಿರುಗಿದಳು. "ಈ ಒಡಪು ಅಂದ್ರ ಏನು, ನನಗೂ ಕಲಿಸು ಬೇಟಿ. ನಮ್ಮ ಮನ್ಯಾಗೂ ಸಾಹೇಬರ ಹೆಸರು ನಾ ಇವತ್ತಿನತನಕ ತಗೊಂಡಿಲ್ಲ." ಮೋಟಾರಿನ ಮಾತನ್ನು ಅವಳೂ ಎತ್ತಲಿಲ್ಲ, ಬಂಡೆಮ್ಮನೂ ಎತ್ತಲಿಲ್ಲ. ವಿಮಲಾಬಾಯಿ ಮಾತ್ರ ತನ್ನ ಸಾಲಿನ ಮಂಚಗಳಿಗೆ ಮತ್ತೊಮ್ಮೆ ಹೋಗಿ ಒಬ್ಬೊಬ್ಬರ ಒಡಪು ಕೇಳಿ ಬಂದಳು.

ಗ್ಲಾಸಿನಲ್ಲಿ ಏನಿತ್ತು ಎಂಬುದನ್ನು ಕುಸನೂರಿನ ಶಿವಕಾಂತಮ್ಮನಿಗೂ ಹೇಳಬೇಕಾಯಿತು. ಹೇಳದಿದ್ದರೆ ಮತ್ತೆ ಮಂಚ ಬದಲು ಮಾಡುತ್ತಾಳೆ ಎಂದು ಸಿಸ್ಟರ್‌ಬಾಯಿಯೇ ಕೂತು ತಿಳಿಸಿದಳು. ಕೇಳಿದವಳು ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು ಛಾವಣಿ ನೋಡುತ್ತ ಮಲಗಿದಳು.

ಮಧ್ಯಾಹ್ನ ಬಂಡೆಮ್ಮ ಅವಳದೇ ಔಷಧಿ ಹಿಡಿದು ಬಂದಳು. ಇನ್ನೂ ಎರಡು ಮಂಚ ದೂರವಿದ್ದಾಗಲೇ ಶಿವಕಾಂತಮ್ಮ ಎದ್ದು ಕೂತಳು. ಮುಸುಕಿಲ್ಲ, ಒಡಪಿಲ್ಲ, "ಅವರು" "ಇವರು" ಇಲ್ಲ. ಹೊಲದ ಈ ದಂಡೆಯಿಂದ ಆ ದಂಡೆಗೆ ಕರೆಯುವಂತೆ ಗಟ್ಟಿಯಾಗಿ ಕೂಗಿದಳು:

"ಖಂಡೆಪ್ಪ! ಕುಸನೂರ ಖಂಡೆಪ್ಪನ ಹೆಂಡ್ತಿ ಶಿವಕಾಂತಮ್ಮ ನಾನು! ಖಂಡೆಪ್ಪ!"

ಬುತ್ತಿ ಗಂಟು ಹಿಡಿದು ಆಗಷ್ಟೇ ಬಾಗಿಲಿಗೆ ಬಂದಿದ್ದ ತಲೆಗೆ ಪಟಗ ಸುತ್ತಿದ ಗಂಡಸೊಬ್ಬ, ಕರೆದವರು ಯಾರೆಂದು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಮತ್ತೆ ವಾರ್ಡಿನ ಕಡೆ ನೋಡಿದ, ಹೆಂಡತಿಯನ್ನು ನೋಡಿದ. ಅವನ ಕಿವಿ ಕೆಂಪಾಯಿತು, ಕಣ್ಣು ತುಂಬಿತು.

"ಓ... ಬಂದೆ" ಎಂದ ಖಂಡೆಪ್ಪ.

ಶಿವಕಾಂತಮ್ಮ ಅವನ ಕಡೆ ನೋಡದೆ ಬಂಡೆಮ್ಮನ ಗ್ಲಾಸಿಗೆ ಕೈ ಚಾಚಿದಳು.