ಗೋಡೆಗೆ ತಿರುಗಿ ನಿಂತ ತಾಯಿ

ಗೊಬ್ನಿತ್ ಬಾಯಿ ಸಡಿಲವಿರುವ ಹೆಂಗಸಲ್ಲ. ಕೆರ್ರಿ ಸೀಮೆಯ ಆ ಕಡಲಂಚಿನ ಊರಿನಲ್ಲಿ ಐವತ್ತು ದಾಟಿದ ಒಂಟಿ ಹೆಂಗಸು ಕೋಳಿ ಸಾಕಿ, ಸ್ವೆಟರ್ ಹೆಣೆದು, ಬೇಸಿಗೆಯಲ್ಲಿ ಒಂದು ಕೋಣೆ ಬಾಡಿಗೆಗೆ ಕೊಟ್ಟು ಬದುಕಬೇಕೆಂದರೆ ಬಾಯಿ ಬಿಗಿಯಾಗಿಯೇ ಇರಬೇಕು. ಅಂಥವಳು ಜೀವಮಾನದಲ್ಲಿ ಒಂದೇ ಒಂದು ಸಲ ಬಾಯಿ ಬಿಟ್ಟಳು. ಅದು ಅಚ್ಚಾಗಿ, ರಟ್ಟು ಹೊದ್ದು, ಪುಸ್ತಕವಾಗಿ ಊರಿಗೇ ಬಂತು. ಗ್ರಹಚಾರ ಎಂದರೆ ಇದೇ.

ಬಿಟ್ಟುಕೊಟ್ಟದ್ದು ಊರಿನ ಹಿರಿಯ ಕತೆಗಾರ ಟೈಗಜ್ಜನ ಕತೆಯನ್ನು. ವಿಧವೆಯ ಮಗನೊಬ್ಬ ಕಡಲ ತಳದ ರಾಜನ ಮಗಳನ್ನು ತರಲು ಹೋಗುವ ಆ ದೊಡ್ಡ ಕತೆ ಊರಿನವರಿಗೆಲ್ಲ ಗೊತ್ತು, ಹೇಳುವ ಹಕ್ಕು ಮಾತ್ರ ಟೈಗಜ್ಜನದು. ಒಬ್ಬನ ಕತೆಯನ್ನು ಅವನು ಬದುಕಿರುವಾಗ ಇನ್ನೊಬ್ಬ ಎತ್ತಿಕೊಂಡರೆ ಅವನ ಕೊಟ್ಟಿಗೆಯಿಂದ ಹಸು ಹೊಡೆದುಕೊಂಡು ಹೋದಷ್ಟೇ ತಪ್ಪು. ಅದರ ಮೇಲೆ ವೀರರ ಕತೆಗಳು ಗಂಡಸರ ಪಾಲಿನವು, ಚಳಿಗಾಲದವು, ಕತ್ತಲಾದ ಮೇಲೆ ಒಲೆಯ ಮುಂದೆ ಹೇಳುವಂಥವು. ಟೈಗಜ್ಜನ ಒಡಹುಟ್ಟಿದ ತಮ್ಮ ಯಾವುದೋ ಸಾವಿನ ಮನೆಯಲ್ಲಿ ವಿಸ್ಕಿ ಒಂದು ಗುಟುಕು ಹೆಚ್ಚಾಗಿ ಅದನ್ನು ಹೇಳಿಬಿಟ್ಟಿದ್ದ. ಅಂದಿನಿಂದ ಅಣ್ಣ ಮಾತು ಬಿಟ್ಟ. ತಮ್ಮನನ್ನು ಮಣ್ಣು ಮಾಡಿದ ದಿನವೂ ಗೋರಿಯ ಹತ್ತಿರ ಬರದೆ ಗೇಟಿನಲ್ಲೇ ನಿಂತಿದ್ದ. ಅಷ್ಟು ಹಟಮಾರಿ.

ಗೊಬ್ನಿತ್ ಕತೆ ಕಲಿತದ್ದೂ ಕಳ್ಳತನದಲ್ಲೇ. ಚಿಕ್ಕವಳಿದ್ದಾಗ ಸಂಜೆಯೇ ಟೈಗಜ್ಜನ ಅಟ್ಟಕ್ಕೆ ಹತ್ತಿ, ಓಟ್ಸ್ ಹುಲ್ಲಿನಲ್ಲಿ ಹೂತು ಮಲಗಿ, ಕೆಳಗೆ ಗಂಡಸರು ಕೂತು ಕೇಳುವುದನ್ನೆಲ್ಲ ತಾನೂ ಕೇಳಿದ್ದಳು. ಆಮೇಲೆ ಕೋಳಿಗಳಿಗೂ ಹಸುವಿಗೂ ಹೇಳಿಕೊಂಡಿದ್ದಳೇ ಹೊರತು ಮನುಷ್ಯರಿಗೆ ಹೇಳಿರಲಿಲ್ಲ. ಕೊನೆಗೆ ಅವಳಿಂದ ಹೇಳಿಸಿಕೊಂಡವನು ಕೊರ್ಮಾಕ್ ಎಂಬ ಕಾರ್ಕ್ ಪಟ್ಟಣದ ಬರಹಗಾರ. ಅವಳ ಬಾಡಿಗೆ ಕೋಣೆಯಲ್ಲಿದ್ದವನು ಬಂಡೆಯಿಂದ ಜಾರಿ ಕಾಲು ಮುರಿದುಕೊಂಡು ಮಲಗಿದ್ದ. ಅವನ ನರಳಾಟ ನೋಡಲಾರದೆ ಅವಳು ನಡುಬೇಸಿಗೆಯ ಮಧ್ಯಾಹ್ನ, ಸ್ವೆಟರ್ ಹೆಣೆಯುತ್ತ, ಇಡೀ ಕತೆ ಹೇಳಿದಳು. ಕೇಳಿದವನು ನರಳುವುದನ್ನೇ ಮರೆತ. ಆ ಮಧ್ಯಾಹ್ನ ತನಗೆಷ್ಟು ಸುಖವಾಗಿತ್ತೆಂದು ನೆನೆದರೆ ಅವಳಿಗೆ ಈಗಲೂ ನಾಚಿಕೆ.

ಎರಡು ವರ್ಷದ ಮೇಲೆ ಪುಸ್ತಕ ಬಂತು. ಕಣ್ಣು ಮಂಜಾದ ಟೈಗಜ್ಜನಿಗೆ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಏನಾದರೂ ಓದಿ ಹೇಳುತ್ತಿದ್ದ ಶಾಲೆಯ ಟೀಚರಮ್ಮ ಮುರಿನ್, ಈ ಸಲ ನಮ್ಮೂರಲ್ಲಿ ತಂಗಿದ್ದವರೇ ಬರೆದ ಪುಸ್ತಕ ಓದುತ್ತೇನೆಂದು ಸಂಭ್ರಮದಿಂದ ಹೊರಟಳು. ಗೊಬ್ನಿತ್ ದಾರಿಗೆ ಅಡ್ಡ ನಿಂತಳು. ಅಜ್ಜನಿಗೆ ಶೀತ, ಮುಂದಿನ ವಾರ ಓದಿದರಾಯಿತು ಎಂದು ನೋಡಿದಳು. ಮುರಿನ್ ಕೇಳಲಿಲ್ಲ. ಗೊಬ್ನಿತಳ ಅಪ್ಪ ತೀರಿಕೊಂಡ ಚಳಿಗಾಲದಲ್ಲಿ ಮೂಟೆ ತುಂಬ, ಒಲೆಗೆ ಉರಿಸುವ ಟರ್ಫ್ ಮಣ್ಣಿನ ಹೆಂಟೆ ಹೊತ್ತು ತಂದು, ಒಂದು ಮಾತೂ ಆಡದೆ ಅವಳ ಒಲೆ ಹೊತ್ತಿಸಿ ಹೋದವನು ಟೈಗಜ್ಜ. ದಿನ ಸಂಜೆ ಅವನ ಒಲೆಯ ಮುಂದೆ ಕೂರುವುದೊಂದೇ ಅವಳಿಗಿದ್ದ ಬಳಗ. ಆ ಬಾಗಿಲು ಮುಚ್ಚಿದರೆ ಅವಳಿಗೆ ಹೋಗಲು ಬೇರೆ ಮನೆಯೇ ಇರಲಿಲ್ಲ.

ಮುರಿನ್ ಓದತೊಡಗಿದಳು. ಗೊಬ್ನಿತ್ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತಳು. ಪುಸ್ತಕದಲ್ಲಿ ಕಡಲೂ ಇಲ್ಲ, ರಾಜನೂ ಇಲ್ಲ. ವಿಧವೆಯ ಮಗ ಕಾರ್ಕ್‌ನಲ್ಲಿ ಗುಮಾಸ್ತ, ರಾಜನ ಮಗಳು ಅವನ ಧಣಿಯ ಮಗಳು. ಹುಡುಗ ಮಳೆಯಲ್ಲಿ ನಡೆಯುತ್ತಾನೆ, ಯೋಚಿಸುತ್ತಾನೆ, ಮತ್ತೆ ನಡೆಯುತ್ತಾನೆ. ಟೈಗಜ್ಜ ಎರಡು ಸಲ ತೂಕಡಿಸಿದ. ಗೊಬ್ನಿತಳಿಗೆ ಹೋದ ಜೀವ ಬಂದಂತಾಯಿತು.

"ಮಗ ವಾಪಸ್ ಮನೆಗೆ ಬರ್ಲಿಲ್ವಾ?" ಓದು ಮುಗಿದಾಗ ಅಜ್ಜ ಕೇಳಿದ.

ಇಲ್ಲ, ಅಲ್ಲಿಗೇ ಮುಗಿಯಿತು ಎಂದಳು ಮುರಿನ್.

"ಹುಡುಗನ್ನ ದಾರೀಲೇ ಬಿಟ್ಟು ಎದ್ದುಹೋದ್ನಲ್ಲ, ಪುಣ್ಯಾತ್ಮ. ಆ ರೊಟ್ಟಿ ಜಾಗ ಇನ್ನೊಂದ್ಸಲ ಓದಮ್ಮ."

ಮಗ ಮನೆ ಬಿಡುವ ಜಾಗ ಅದು. ತಾಯಿ ರೊಟ್ಟಿ ಸುಟ್ಟು ಕೇಳುತ್ತಾಳೆ, ಶಾಪದ ಜೊತೆ ಇಡೀ ರೊಟ್ಟಿ ಬೇಕೋ, ಆಶೀರ್ವಾದದ ಜೊತೆ ಅರ್ಧ ರೊಟ್ಟಿ ಬೇಕೋ? ಕೇಳಿದವಳು ಗೋಡೆಗೆ ತಿರುಗಿ ನಿಲ್ಲುತ್ತಾಳೆ, ಮಗ ಯಾವುದನ್ನು ಎತ್ತಿಕೊಂಡನೆಂದು ನೋಡದೆ. ಮುರಿನ್ ಎರಡನೇ ಸಲ ಓದಿ, ಚಹಾಕ್ಕೆ ನೀರು ತರಲು ಬಾವಿಗೆ ಹೋದಳು. ಗೊಬ್ನಿತಳಿಗೆ ಆಗ ಹೊಳೆಯಿತು. ಟೈಗಜ್ಜನ ಕತೆಯಲ್ಲಿ ತಾಯಿ ಬಾಗಿಲಲ್ಲಿ ನಿಂತು ಮಗನನ್ನೇ ನೋಡುತ್ತಾಳೆ. ಗೋಡೆಗೆ ತಿರುಗಿಸಿದವಳು ಗೊಬ್ನಿತ್, ಕೋಳಿಗಳಿಗೆ ಹೇಳುತ್ತ ಹೇಳುತ್ತ.

"ಲೇ ಹುಡುಗಿ, ಹತ್ರ ಬಾ," ಎಂದ ಟೈಗಜ್ಜ. "ನಿಮ್ಮಣ್ಣ ಹಡಗಿಗೆ ಸೇರೋಕೆ ಹೊರಟ ಬೆಳಿಗ್ಗೆ ಅವನ ಪೆಟ್ಟಿಗೆ ಹೊತ್ತೋನು ನಾನು. ನಿಮ್ಮಮ್ಮ ಹಿಂಗೇ ಗೋಡೆಗೆ ತಿರುಗಿ ನಿಂತಿದ್ಳು. ಕಾರ್ಕ್‌ನೋನಿಗೆ ಅದು ಹೆಂಗೆ ಗೊತ್ತು?"

ಗೊಬ್ನಿತ್ ಎದ್ದು ಒಲೆಯ ಹತ್ತಿರ ಹೋದಳು. "ಟೈಗಜ್ಜ, ನಾನು..."

"ನೀನು ಅಟ್ಟದಲ್ಲಿ ಮಲಗ್ತಿದ್ದದ್ದೂ ಗೊತ್ತು ನಂಗೆ. ಮಗ್ಗುಲು ಬದಲಾಯಿಸ್ದಾಗೆಲ್ಲ ನನ್ನ ಟೋಪಿ ಮೇಲೆ ಹುಲ್ಲು ಉದುರ್ತಿತ್ತು. ನೀನು ಬಂದಿದ್ದ ದಿನ ಕತೆ ಸ್ವಲ್ಪ ಉದ್ದ ಮಾಡ್ತಿದ್ದೆ, ನೋಡಿದ್ಯಾ?"

"ಬೈಯೋದಾದ್ರೆ ಬೈದ್ಬಿಡಿ. ಬರಬೇಡ ಅನ್ನಬೇಡಿ."

ಅಜ್ಜ ಇಕ್ಕಳದಿಂದ ಕೆಂಡ ಕೆದಕಿದ. "ತಮ್ಮನಿಗೆ ಹಂಗಂದೆ. ಹಂಗಂದು ಏನು ಸುಖಪಟ್ಟೆ? ಅವನು ಹೇಳಿದ್ದು ನನಗಿಂತ ಚೆನ್ನಾಗಿತ್ತು, ಹೊಟ್ಟೆಕಿಚ್ಚು ನಂಗೆ. ಕೂತ್ಕೋ. ಒಲೆಗೆ ಎರಡು ಹೆಂಟೆ ಹಾಕು."

ಗೊಬ್ನಿತ್ ಹೆಂಟೆ ಹಾಕಿದಳು. ಹೊಗೆ ಕಣ್ಣಿಗೆ ಹೋಯಿತೆಂದು ಶಾಲಿನ ತುದಿಯಿಂದ ಒರೆಸಿಕೊಂಡಳು. ಎದೆಯ ಮೇಲಿನ ಚಪ್ಪಡಿ ಜಾರಿಬಿದ್ದಂತೆ ಹಗುರವಾಗಿತ್ತು. ನೀರು ತಂದ ಮುರಿನ್‌ಗೆ ಇವಳು ಯಾಕೆ ನಗುತ್ತಿದ್ದಾಳೆಂದೇ ತಿಳಿಯಲಿಲ್ಲ.

ನವೆಂಬರಿನ ಮೊದಲ ಸಂಜೆ, ಕತೆಗಳ ಕಾಲ ಶುರುವಾದಾಗ, ಟೈಗಜ್ಜನ ಮನೆ ತುಂಬಿತ್ತು. ಗಂಡಸರ ನಡುವೆ ಒಲೆಯ ಪಕ್ಕದ ಜಾಗ ತೋರಿಸಿ ಅವನು ಗೊಬ್ನಿತಳನ್ನು ಕೂರಿಸಿದ. ಯಾರೋ ಗೊಣಗಿದರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಕತೆ ಎತ್ತುವ ಮೊದಲು ಅದು ಯಾರಿಂದ ಬಂತೆಂದು ಹೇಳುವುದು ಅಲ್ಲಿನ ಪದ್ಧತಿ. ಎಂದಿನಂತೆ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಈ ಕತೆ ನನಗೆ ಬಂದದ್ದು ನಮ್ಮ ಸೋದರಮಾವನಿಂದ," ಎಂದ. "ಅವನಿಗೆ ಬಂದದ್ದು ಕ್ಲೇರ್ ಕಡೆಯ ಒಬ್ಬ ಭಿಕ್ಷುಕನಿಂದ. ತಾಯಿ ಗೋಡೆಗೆ ತಿರುಗಿ ನಿಲ್ಲೋದು ಮಾತ್ರ ಅವರಿಬ್ಬರದೂ ಅಲ್ಲ, ನಂದೂ ಅಲ್ಲ. ಅದು ಬಂದದ್ದು ಇಗೋ, ಇಲ್ಲಿ ಕೂತಿರೋ ಗೊಬ್ನಿತಳಿಂದ."