ಕಾಫಿ ಕಣದಲ್ಲಿ ಸತ್ತ ಉರಿಜಡೆ

ಮೊನ್ನೆ ವಸ್ತಾರೆಯ ದೊಡ್ಡಪ್ಪನ ತೋಟದ ಮನೆಗೆ ಹೋಗಿದ್ದಾಗ ವಿನಯನ ಮಗಳು ಇಪ್ಪತ್ತು ಮುಖದ ದಾಳವೊಂದನ್ನು ನನ್ನ ಅಂಗೈಯಲ್ಲಿಟ್ಟಳು. ಅದರ ಮಾಸಲು ಬಿಳಿ ನೋಡಿದ್ದೇ ಹಳೆಯ ಸಿಟ್ಟು ಉಕ್ಕಿತು.

ವಿನಯ ನಮ್ಮ ದೊಡ್ಡಪ್ಪನ ಮಗ. ನಾವು ಚಿಕ್ಕವರಿದ್ದಾಗ ಒಮ್ಮೆ ರಜೆಗೆ ಹಾಸ್ಟೆಲಿನಿಂದ ಬರುವಾಗ ಅಂಥದ್ದೇ ಒಂದು ದಾಳವನ್ನೂ ಜೆರಾಕ್ಸ್ ಮಾಡಿದ ನಿಯಮಗಳ ಕಟ್ಟನ್ನೂ ತಂದಿದ್ದ. ಕತೆ ಹೇಳುವವನು ಅವನು. ನಾವು ಒಂದೊಂದು ಪಾತ್ರ ಕಟ್ಟಿಕೊಂಡು ಅದಾಗಿಯೇ ಮಾತಾಡಬೇಕು; ಪಾತ್ರ ಗೆದ್ದಿತೋ ಸತ್ತಿತೋ ಎಂಬುದನ್ನು ದಾಳದ ಅಂಕಿ ಹೇಳುತ್ತದೆ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಆಡುತ್ತಿದ್ದೆವು, ಗಂಟೆಗೊಮ್ಮೆ ಬೀಜ ತಿರುವುವ ಕೆಲಸವೂ ನಮ್ಮದೇ ಆಗಿತ್ತಲ್ಲ.

"ನೀನು ಗಾಯಕ್ಕೆ ಮದ್ದು ಹಚ್ಚೋಳು," ಅಂದ.

"ಮದ್ದು ನೀನೇ ಹಚ್ಕೋ ಮಾರಾಯ. ನಾನು ಮಾಟಗಾತಿ."

ಮೂರು ದಿನ ಕೂತು ಅವಳನ್ನು ಬರೆದಿದ್ದೆ. ಹೆಸರು ಉರಿಜಡೆ, ಎಡಗೈಯಲ್ಲಿ ಬೆಂಕಿ, ನೀರೆಂದರೆ ಭಯ. ಆಟದಲ್ಲಿ ಕೊನೆಗೂ ರಾಕ್ಷಸ ಎದುರಾದ. ಉತ್ಸಾಹದಲ್ಲಿ ಎಸೆದ ದಾಳ ಹಾರಿ, ಹಣ್ಣಿನ ಸಿಪ್ಪೆ ಸುಲಿದು ತೊಳೆದು ಹರವಿದ್ದ ಪಾರ್ಚ್‌ಮೆಂಟ್ ಕಾಫಿ ಬೀಜದೊಳಗೆ ಬಿತ್ತು. ಎರಡರದ್ದೂ ಒಂದೇ ಬಣ್ಣ! ಹುಡುಕುವಷ್ಟರಲ್ಲಿ ದೊಡ್ಡಮ್ಮ, "ಮೋಡ ಬಂತು, ಏಳ್ರೋ," ಎನ್ನುತ್ತಾ ಕಣದ ಬೀಜವನ್ನೆಲ್ಲ ರಾಶಿಗೆ ಎಳೆದುಬಿಟ್ಟರು.

"ದಾಳ ಕಾಣ್ಲಿಲ್ಲ ಅಂದ್ರೆ ಸೊನ್ನೆ. ಉರಿಜಡೆ ಸತ್ಲು," ಎಂದ ವಿನಯ. ಯಾವ ನಿಯಮದಲ್ಲಿದೆ ತೋರಿಸು ಎಂದರೆ, ಆ ಪುಟ ಜೆರಾಕ್ಸ್ ಆಗಿಲ್ಲವಂತೆ.

ಈಗ ತಲೆ ಬೋಳಾಗಿರುವ ಅದೇ ವಿನಯ ಆಟಕ್ಕೆಂದು ಮಗಳ ಪಕ್ಕದಲ್ಲಿ ಕೂತು, "ನೀನು ಮದ್ದು ಹಚ್ಚೋಳಾಗು," ಅಂತ ಮತ್ತೆ ನನಗೇ ಅಂದ. ನಾನು ಅವನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ನನ್ನ ಪಾತ್ರದ ಹೆಸರು ಉರಿಜಡೆ ಅಂತ ಬರೆದೆ.

"ಅವಳು ಸತ್ತಿದ್ಳಲ್ಲ?" ಎಂದ ವಿನಯ.

"ದಾಳ ಸಿಕ್ತು," ಎಂದೆ, ಅಂಗೈ ತೆರೆದು ತೋರಿಸುತ್ತಾ.