ರೀಲಿಲ್ಲದ ಪೆಟ್ಟಿಗೆ

ಸೋಲಾಪುರದಲ್ಲಿ ನಾವು ಎಂಟು ಮಂದಿ ಸೇರಿ ಒಂದು ಮೂಕಿ ಚಿತ್ರ ತೆಗೆದಿದ್ದೆವು ಅಂದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವತ್ತು ಚಿತ್ರ ನೋಡಿದವರೂ ನಕ್ಕಿದ್ದರು. ಮಾತಾಡುವ ಚಿತ್ರಗಳು ಆಗಿನ್ನೂ ನಮ್ಮೂರಿಗೆ ಬಂದಿರಲಿಲ್ಲ. ತಪ್ಪು ಮಾಡದೆ ಜೇಲಿಗೆ ಬಿದ್ದ ಒಬ್ಬ ತರುಣ ಗೋಡೆ ಒಡೆದು ಪಾರಾಗುವ ಕಥೆ ನಮ್ಮದು. ಕಥೆ ಕಟ್ಟಿದವನು, ಕ್ಯಾಮೆರಾ ಹಿಡಿದವನು, ನಮಗೆಲ್ಲ ಹುಚ್ಚು ಹಿಡಿಸಿದವನು ನನ್ನ ಬಾಲ್ಯದ ಗೆಳೆಯ. ಅವನದೊಂದು ಫೋಟೋ ಸ್ಟುಡಿಯೋ ಇತ್ತು. ನಾನು ವಕೀಲರೊಬ್ಬರ ಹತ್ತಿರ ಕಾರಕೂನ. ಕೈಬಿಗಿ ಮನುಷ್ಯ ಅಂತ ಹೆಸರು ಗಳಿಸಿದ್ದರಿಂದ ದುಡ್ಡಿನ ಪೆಟ್ಟಿಗೆಯ ಕೀಲಿಕೈ ನನ್ನ ಸೊಂಟಕ್ಕೆ ಬಂತು.

ಬಂಡವಾಳ ಅಂದರೆ ನಮ್ಮ ಭಿಶಿಯ ದುಡ್ಡು. ತಿಂಗಳಿಗೊಮ್ಮೆ ಎಂಟೂ ಮಂದಿ ಇಷ್ಟಿಷ್ಟು ಅಂತ ಹಾಕಿ, ಚೀಟಿ ಎತ್ತಿ, ಹೆಸರು ಬಂದವನಿಗೆ ಇಡೀ ಗಂಟು ಕೊಡುತ್ತಿದ್ದೆವು. ಆ ವರ್ಷ ಚೀಟಿ ಎತ್ತಲೇ ಇಲ್ಲ, ಗಂಟೆಲ್ಲ ಚಿತ್ರಕ್ಕೆ ಹೋಯಿತು. ಒಬ್ಬ ಮಗಳ ಮದುವೆಯನ್ನು ಮುಂದಕ್ಕೆ ಹಾಕಿದ, ಇನ್ನೊಬ್ಬನ ಮಾಳಿಗೆ ಸೋರುತ್ತಲೇ ಉಳಿಯಿತು. ಇದೆಲ್ಲ ಕಣ್ಣೆದುರಿಗಿದ್ದಾಗ ನಾನು ಕಾಸು ಬಿಚ್ಚುವುದಾದರೂ ಹೇಗೆ? ಅದರಲ್ಲೂ ಮುಂಬೈಯಿಂದ ತರಿಸುವ ಫಿಲ್ಮಿನ ಬೆಲೆ ಫೂಟಿನ ಲೆಕ್ಕದಲ್ಲಿ. ಬಾಡಿಗೆಗೆ ತಂದ ಕ್ಯಾಮೆರಾದ ಹಿಡಿಯನ್ನು ಗೆಳೆಯ ಒಂದು ಸುತ್ತು ತಿರುವಿದರೆ ನಾನು ಬೆರಳು ಮಡಚಿ ಫೂಟು ಎಣಿಸುತ್ತಿದ್ದೆ.

ನಿಜವಾದ ಜೇಲಿನ ಹತ್ತಿರ ಕ್ಯಾಮೆರಾ ಒಯ್ಯಲು ಸರಕಾರ ಬಿಡುವ ಮಾತೇ ಇರಲಿಲ್ಲ. ಹಾಗಾಗಿ ಅಕ್ಕಲಕೋಟೆಯಲ್ಲಿ ಹಾಳುಬಿದ್ದ ಒಂದು ವಾಡೆಯನ್ನು, ಹಳೇ ಕಾಲದ ದೊಡ್ಡ ಮನೆಯನ್ನು, ಹಿಡಿದೆವು. ಅದರ ಹಿಂದಿನ ಕೋಣೆಯ ಮಾಳಿಗೆ ಕುಸಿದು ಒಳಗೆಲ್ಲ ಬಿಸಿಲು, ಚಿತ್ರಕ್ಕೆ ಹೇಳಿ ಮಾಡಿಸಿದ ಬೆಳಕು. ವಾಡೆಯ ಧಣಿ ಆ ಕೋಣೆಯ ಒಂದೇ ಒಂದು ಗೋಡೆಯಲ್ಲಿ ಕಿಂಡಿ ಕೊರೆಯಲು ಒಪ್ಪಿದ. ಬೇರೆ ಎಲ್ಲಿಯೂ ಒಂದು ಇಟ್ಟಂಗಿ ಅಲ್ಲಾಡಕೂಡದು ಅಂದ.

ಕೊರೆಯುವುದಕ್ಕೆ ಗೆಳೆಯ ಮಂದ್ರೂಪ ಕಡೆಯ ಒಬ್ಬ ಮುದುಕ ಗೌಂಡಿಯನ್ನು ಹುಡುಕಿ ತಂದ. ಮನೆ ಕಟ್ಟುವ ಕಸುಬಿನವನು. ಬಾವಿ ನೀರಿನ ಜಗಳದಲ್ಲಿ ಕೊಡಲಿ ಬೀಸಿ ಜೇಲು ಕಂಡಿದ್ದ, ಮತ್ತು ಆ ಜೇಲಿನ ಗೋಡೆಯನ್ನು ನಿಜವಾಗಿಯೂ ಒಡೆದು ಓಡಿದ್ದ. ಚಿತ್ರದಲ್ಲಿ ತರುಣನ ಜೊತೆಗಿರುವ ಮುದುಕ ಕೈದಿಯ ವೇಷ ಅವನಿಗೇ ಅಂತಾಯಿತು. ನಾನು ಅಳುಕುತ್ತಲೇ ಪಗಾರದ ಮಾತು ತೆಗೆದೆ.

"ರೊಕ್ಕ ಬ್ಯಾಡ್ರಿ ರಾವಸಾಹೇಬ್ರ," ಅಂದ. "ಊರಾಗ ಜ್ವರ ಬಂದು ನನ್ನ ಹೇಣ್ತಿ ಸಾಯಾಕತ್ಯಾಳ ಅಂತ ಜೇಲಿನ್ಯಾಗ ಸುದ್ದಿ ಬಂತು. ಗೋಡಿ ಒಡದು ಮೂರು ದಿನ ನಡದು ಬಂದೆ. ಅಷ್ಟರಾಗ ಅಕಿನ್ನ ಮಣ್ಣು ಮಾಡಿ ಮುಗಿಸಿದ್ರು. ಸಣ್ಣ ಮಗಳನ್ನ ದೊಡ್ಡವ್ವ ಒಯ್ದಿದ್ಲು. ಮಗಳ ಮಾರಿ ನೋಡೂದರೊಳಗ ಪೋಲೀಸರು ನನ್ನ ಹಿಡದ್ರು."

ಆ ಮಗಳು ಆ ಹೊತ್ತಿಗೆ ದೊಡ್ಡವಳು, ಸೋಲಾಪುರದ ಒಂದು ಗಿರಣಿಯಲ್ಲಿ ನೂಲು ಸುತ್ತುತ್ತಿದ್ದಳು. ಅವ್ವ ಸಾಯುವಾಗ ಅಪ್ಪ ಬರಲಿಲ್ಲ ಅಂತಲೇ ಕೇಳಿಕೊಂಡು ಬೆಳೆದಿದ್ದಳು. ಮುದುಕನನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ, ಅಪ್ಪ ಅಂತ ಒಂದು ದಿನವೂ ಕರೆದಿರಲಿಲ್ಲ.

"ಬಾಯಿಲೆ ಹೇಳಿದ್ರ ನಂಬವಲ್ಲಳ್ರಿ. ಚಿತ್ರ ಸುಳ್ಳ ಹೇಳಾಂಗಿಲ್ಲಲ್ಲ? ಗೋಡಿ ಹ್ಯಾಂಗ ಒಡದು ಬಂದೆ ಅಂತ ಅಕಿ ಕಣ್ಣಿಲೆ ನೋಡಬೇಕು. ಅಕೀಗೊಂದು ತಿಕೀಟು ಕೊಡ್ರಿ, ಅಷ್ಟ ಸಾಕು."

ಇದನ್ನು ಕೇಳಿ ನನ್ನ ಕರುಳು ಚುರ್ ಅಂದಿತು ಅಂತ ಬರೆಯಬೇಕು. ಬರೆದರೆ ಸುಳ್ಳಾಗುತ್ತದೆ. ಒಂದು ಪಗಾರ ಉಳಿಯಿತು ಅಂತ ಖುಷಿಪಟ್ಟೆ.

ನಾವೆಲ್ಲ ಹವ್ಯಾಸಿ ನಾಟಕದ ಮಂದಿ. ನಾಲ್ಕು ಸಲ ತಾಲೀಮು ಆಗದೆ ರಂಗಕ್ಕೆ ಕಾಲಿಡುವವರಲ್ಲ. ತಾಲೀಮಿಗೆ ಚಹಾ ಬಿಟ್ಟರೆ ಖರ್ಚಿಲ್ಲ, ಫಿಲ್ಮಿಗೆ ಫೂಟಿನ ಲೆಕ್ಕ. ಅದಕ್ಕೇ ಗೆಳೆಯನಿಗೆ ಹೇಳಿದೆ: ಮೊದಲು ಒಂದು ತಾಲೀಮು ಆಗಲಿ, ಎಷ್ಟು ಹೊತ್ತು ಹಿಡಿಯುತ್ತದೆ ನೋಡೋಣ, ನಾಳೆ ಚಿತ್ರ ತೆಗೆ.

"ಗೋಡಿ ಒಂದ ಅದ, ದೋಸ್ತ," ಅಂದ ಅವನು.

"ನಾಕು ಇಟ್ಟಂಗಿ ಕಿತ್ತ ಮ್ಯಾಲೆ ಸಾಕು ಅಂದ್ರಾತು."

ಇನ್ನೂ ಒಂದು ಮಾತು ಸೇರಿಸಿದೆ. ತಾಲೀಮು ಅಂತ ತಿಳಿದರೆ ಮುದುಕ ಕಾಟಾಚಾರಕ್ಕೆ ಮಾಡುತ್ತಾನೆ, ಅವನಿಗೆ ಹೇಳುವುದು ಬೇಡ, ರೀಲು ಹಾಕದೆ ಸುಮ್ಮನೆ ಹಿಡಿ ತಿರುವು ಅಂದೆ. ಗೆಳೆಯ ನನ್ನ ಮುಖವನ್ನೇ ನೋಡಿದ. ಆದರೆ ಕೀಲಿಕೈ ನನ್ನ ಹತ್ತಿರ ಇತ್ತು.

ಮುದುಕ ಕೈದಿಯ ಬಟ್ಟೆ ತೊಟ್ಟು ಗೋಡೆಯೆದುರು ಕುಳಿತ. ಬಹಳ ಹೊತ್ತು ಅಂಗೈಯಿಂದ ಗೋಡೆ ಸವರುತ್ತಿದ್ದ. ಆಮೇಲೆ ಕುಡಿಯುವ ನೀರನ್ನು ಬಾಯಲ್ಲಿ ತುಂಬಿಕೊಂಡು ಇಟ್ಟಂಗಿಗಳ ಸಂದಿನ ಮಣ್ಣಿಗೆ ಉಗುಳಿದ. ಮಣ್ಣು ನೆನೆಯುವವರೆಗೆ ಕಾದ. ಊಟದ ತಾಟಿನ ಅಂಚಿನಿಂದ ಕೆರೆಯತೊಡಗಿದ. ಕೆರೆದ ಮಣ್ಣನ್ನು ಹಾಸಿಗೆಯ ಕೆಳಗೆ ಹರಡಿ ಅದರ ಮೇಲೆ ತಾನೇ ಹೊರಳಿ ಸಮ ಮಾಡಿದ. ಇದನ್ನು ಯಾವನೂ ಅವನಿಗೆ ಕಲಿಸಿರಲಿಲ್ಲ. ಮೊದಲ ಇಟ್ಟಂಗಿ ಹೊರಬಂದಾಗ ಅದನ್ನು ಮಗುವನ್ನು ಮಲಗಿಸುವಂತೆ ನೆಲಕ್ಕಿಟ್ಟ.

ನಾಲ್ಕು ಇಟ್ಟಂಗಿ ಆದವು. ಸಾಕು ಅನ್ನಬೇಕಾದವನು ನಾನು, ಅನ್ನಲಿಲ್ಲ. ನಾನಷ್ಟೇ ಅಲ್ಲ, ಅಲ್ಲಿದ್ದ ಯಾರೂ ಅನ್ನಲಿಲ್ಲ. ಗೆಳೆಯ ಖಾಲಿ ಕ್ಯಾಮೆರಾದ ಹಿಡಿ ತಿರುವುತ್ತಲೇ ಇದ್ದ, ಅವನ ಕಣ್ಣಲ್ಲಿ ನೀರು. ಕಡೆಗೆ ಮುದುಕ ತಲೆ ತೂರಿಸಿ, ಹೆಗಲು ತರಚಿಸಿಕೊಂಡು ಆಚೆ ಬಿದ್ದ. ಗೋಡೆಯ ಹಿಂದಿನಿಂದ ಹೆಂಡತಿಯ ಹೆಸರು ಹಿಡಿದು ಅಳುವುದು ಕೇಳಿಸಿತು. ಅಂಥ ಆಟ ಅದಕ್ಕೆ ಮೊದಲು ನಾನು ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ಸುತ್ತುಹಾಕಿ ಬಾಗಿಲಿನಿಂದ ಒಳಗೆ ಬಂದ. ಮೈಯೆಲ್ಲ ಮಣ್ಣು. ಕ್ಯಾಮೆರಾದ ಕಡೆ ಕೈ ಮಾಡಿದ.

"ಬಂತೇನ್ರಿ, ಪೆಟಗ್ಯಾಗ?"

ಗೆಳೆಯ ನೆಲ ನೋಡಿದ. "ಭಾಳ ಛಲೋ ಬಂತು," ಅಂದೆ ನಾನು.

ಸಂಜೆ ವಾಡೆಯ ಧಣಿ ಬಂದು ಕಿಂಡಿ ತಾನು ಒಪ್ಪಿದ್ದಕ್ಕಿಂತ ಅಗಲವಾದದ್ದು ನೋಡಿ ಕೆಂಡವಾದ. ನಮ್ಮನ್ನು ಹೊರಗೆ ಹಾಕಿದ. ಕ್ಯಾಮೆರಾದ ಬಾಡಿಗೆಯ ದಿನಗಳೂ ಮುಗಿಯುತ್ತ ಬಂದಿದ್ದವು. ಸೋಲಾಪುರಕ್ಕೆ ಬಂದು ಸ್ಟುಡಿಯೋದ ಹಿತ್ತಲಲ್ಲಿ ಬಿದಿರಿನ ತಟ್ಟಿಗೆ ಗಾರೆ ಬಳಿದು ಒಂದು ಗೋಡೆ ನಿಲ್ಲಿಸಿದೆವು. ಮುದುಕನನ್ನು ಮತ್ತೆ ಕರೆಸೋಣ ಅಂತ ಗೆಳೆಯ ಗೋಗರೆದ. ಕರೆಸಿದ್ದರೆ ಬರುತ್ತಿದ್ದ. ತಟ್ಟಿಯಾದರೂ ಸರಿ, ಮಗಳಿಗಾಗಿ ಒಡೆಯುತ್ತಿದ್ದ. ಆದರೆ ಅವನನ್ನು ಕರೆದರೆ ಮೊದಲಿನದು ಬರೀ ಬೂಟಾಟಿಕೆ ಅಂತ ಒಪ್ಪಿಕೊಳ್ಳಬೇಕು. ನನಗೆ ನಾಚಿಕೆ, ಅದಕ್ಕಿಂತ ಹೆಚ್ಚು ಹೆದರಿಕೆ. ತರುಣನ ವೇಷದವನು ಒಬ್ಬನೇ ಒಡೆಯಲಿ, ಫಿಲ್ಮೂ ಉಳಿಯುತ್ತದೆ ಅಂದುಬಿಟ್ಟೆ. ನುಣ್ಣಗೆ ಕೂದಲು ಬಾಚಿದ ಆ ಮಹಾರಾಯ ಒಂದೇ ಏಟಿಗೆ ಜೇಲು ಒಡೆದು ಹೊರಬಂದ. ಜನ ನಕ್ಕದ್ದು ಇಲ್ಲಿಯೇ. ಮುದುಕ ಇಡೀ ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ.

ಚಿತ್ರ ಥಿಯೇಟರಿಗೆ ಬಂದ ದಿನ ಮುದುಕ ಒಗೆದ ಧೋತರ ಉಟ್ಟು ಬಾಗಿಲಲ್ಲಿ ನಿಂತಿದ್ದ. ಪಕ್ಕದಲ್ಲಿ ಮಗಳು. ಹೇಗೆ ಒಪ್ಪಿಸಿ ಕರೆತಂದಿದ್ದನೋ, ಮುಖ ಬಿಗಿದುಕೊಂಡೇ ಇದ್ದಳು. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಹೆಂಗಸರ ಕಡೆಯ ಒಂದು ತಿಕೀಟು ಅವಳ ಕೈಗಿಟ್ಟು, ಮುದುಕನಿಗೆ ಇನ್ನೊಂದು ಕೊಡಹೋದೆ.

"ಬಾಗಲಾ ಹಾಕಿ ಕತ್ತಲಾ ಮಾಡ್ತಾರಂತಲ್ರಿ," ಅಂದ. "ಅಂಥಾದ್ರಾಗ ನಾ ಕೂಡಾಂಗಿಲ್ಲ. ಅಕಿ ನೋಡಿದ್ರ ಮುಗೀತು."

ಹೊರಗಿನ ಮೆಟ್ಟಿಲ ಮೇಲೆ ಕುಳಿತ. ನಾನು ಒಳಗೂ ಹೋಗಲಾರದೆ, ಅವನ ಹತ್ತಿರ ಕೂಡಲೂ ಆರದೆ ಚಹಾದ ಅಂಗಡಿಯ ಮರೆಗೆ ನಿಂತೆ. ಒಳಗಿನಿಂದ ನಗು ಕೇಳಿದಾಗಲೆಲ್ಲ ಮುದುಕ ತಲೆಯೆತ್ತಿ ಬಾಗಿಲು ನೋಡುತ್ತಿದ್ದ. ನಗುವಂಥದ್ದು ಏನಿದೆ ಅಂತ ಅವನಿಗೆ ಅರ್ಥವಾಗಿರಲಿಕ್ಕಿಲ್ಲ.

ಆಟ ಬಿಟ್ಟಿತು. ಹೆಂಗಸರ ಬಾಗಿಲಿನಿಂದ ಅವಳು ಬರುವುದನ್ನು ಕಂಡು ಓಡಿದೆ. "ತಂಗೀ, ಅವರು ನಿಜವಾಗಿ ಒಡದಿದ್ರು, ನಾನ ರೀಲು..." ಅಂದೆ. ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು, ಆಮೇಲೆ ನನ್ನ ಹಿಂದೆ ಮೆಟ್ಟಿಲ ಮೇಲೆ ಎದ್ದು ನಿಂತಿದ್ದ ಮುದುಕನನ್ನು ನೋಡಿದಳು. ಅವನು ತುಟಿ ಅಲ್ಲಾಡಿಸುತ್ತಿದ್ದ, ಕೇಳಲು ಧೈರ್ಯ ಸಾಲುತ್ತಿರಲಿಲ್ಲ.

ಅವಳೇ ಹತ್ತಿರ ಹೋದಳು.

"ನೋಡಿದೆ ಅಪ್ಪಾ," ಅಂದಳು. "ಆ ಗೋಡಿ ಭಾಳ ಬಿಗಿ ಇತ್ತಲ್ಲ?"

ಮುದುಕ ಹೂಂ ಅಂದ. ಏನೋ ಹೇಳಹೋಗಿ ಮತ್ತೆ ಹೂಂ ಅಂದ.

ಇಬ್ಬರೂ ಗಿರಣಿ ಕೆಲಸಗಾರರು ವಾಸಿಸುವ ಚಾಳುಗಳ ದಿಕ್ಕಿಗೆ ನಡೆದುಹೋದರು. ಅವಳು ಅವನನ್ನು ಮನೆಯೊಳಗೆ ಕರೆದುಕೊಂಡಳೋ ಇಲ್ಲವೋ ನನಗೆ ತಿಳಿಯದು. ಚಿತ್ರ ನಾಲ್ಕೇ ದಿನಕ್ಕೆ ಇಳಿಯಿತು, ಭಿಶಿಯ ದುಡ್ಡು ಮುಳುಗಿತು, ಗೆಳೆಯ ಸ್ಟುಡಿಯೋ ಮಾರಿದ. ಅದಕ್ಕೆಲ್ಲ ಕಾಲ ಕಳೆದಂತೆ ನಾವು ನಾವೇ ಸಮಾಧಾನ ಹೇಳಿಕೊಂಡೆವು. ಆ ಚಾಳುಗಳ ಓಣಿಯಲ್ಲಿ ಮಾತ್ರ ನಾನು ಮತ್ತೆ ಕಾಲಿಡಲಿಲ್ಲ. ಅವಳು ಸಿಕ್ಕರೆ ಏನು ಹೇಳಲಿ? ನಾನು ಹೇಳಬೇಕಾದ ನಿಜದ ಬದಲಿಗೆ ಆ ಹೆಣ್ಣುಮಗಳು ಸುಳ್ಳು ಹೇಳಬೇಕಾಯಿತು.